ಓದುಗನೇ ಮುದ್ರಕ, ಓದುಗನೇ ವರದಿಗಾರ: ಮಾಸ್ಕೋದ ಬೆರಳಚ್ಚು ಪತ್ರಿಕೆಯೊಂದರ ಕಥೆ

ಸ್ವಂತ ಖರ್ಚಿನಲ್ಲಿ ಕಿರುಪತ್ರಿಕೆಯೊಂದನ್ನು ಹೊರತರಬೇಕೆಂದು ಹೊರಡುವವರಿಗೆ ಇಂದು ಊರಿನ ಝೆರಾಕ್ಸ್ ಅಂಗಡಿಯೇ ಮುದ್ರಣಾಲಯ. ಹಾಳೆಗಳನ್ನು ಮಡಚಿ ನಡುವೆ ಎರಡು ಪಿನ್ನು ಹೊಡೆದರೆ ಪತ್ರಿಕೆ ಸಿದ್ಧ. ತೊಡಕು ಆರಂಭವಾಗುವುದು ಅದರ ನಂತರವೇ. ಕನ್ನಡದಲ್ಲಿ ಸಣ್ಣ ಪತ್ರಿಕೆಗಳನ್ನು ನಡೆಸಿದವರಿಗೆಲ್ಲ ಇದು ಅನುಭವಕ್ಕೆ ಬಂದ ಸಂಗತಿ: ಅಚ್ಚಾದ ಪ್ರತಿಗಳು ಅಟ್ಟ ಸೇರುತ್ತವೆ, ಚಂದಾ ಹಣ ಬರುವುದಿಲ್ಲ, ಅಂಚೆ ವೆಚ್ಚ ಏರುತ್ತಲೇ ಹೋಗುತ್ತದೆ. ಪತ್ರಿಕೆಯನ್ನು ಮಾಡುವುದಕ್ಕಿಂತ ಅದನ್ನು ಓದುಗರ ಕೈಗೆ ಮುಟ್ಟಿಸುವುದೇ ಕಠಿಣ ಕೆಲಸ.

ಮುದ್ರಣಾಲಯವೇ ಕೈಗೆಟುಕದ, ಪ್ರತಿ ತೆಗೆಯುವ ಯಂತ್ರಗಳೆಲ್ಲ ಬೀಗಮುದ್ರೆಯ ಕೋಣೆಗಳಲ್ಲಿದ್ದ, ಅಂಚೆಯನ್ನು ನಂಬುವಂತೆಯೇ ಇಲ್ಲದ ಕಾಲದಲ್ಲಿ ಈ ಕೆಲಸವನ್ನು 14 ವರ್ಷ ನಡೆಸಿದ ಪತ್ರಿಕೆಯೊಂದು ಸೋವಿಯತ್ ಒಕ್ಕೂಟದಲ್ಲಿತ್ತು. ಅದರ ಹೆಸರು 'ಖ್ರೋನಿಕಾ ತೆಕುಶ್ಚಿಖ್ ಸೊಬಿತಿಯ್', ಎಂದರೆ 'ಪ್ರಚಲಿತ ಘಟನೆಗಳ ವೃತ್ತಾಂತ'. ಮೊದಲ ಸಂಚಿಕೆ 1968ರ ಏಪ್ರಿಲ್ 30ರಂದು ಹೊರಬಂದಿತು; ಕೊನೆಯದಾಗಿ ಪ್ರಸಾರಗೊಂಡ 64ನೇ ಸಂಚಿಕೆಯ ಮೇಲಿರುವುದು 1982ರ ಜೂನ್ 30ರ ದಿನಾಂಕ. ಅದಕ್ಕೆ ಕಚೇರಿಯಿರಲಿಲ್ಲ, ಬೆಲೆಯಿರಲಿಲ್ಲ, ಚಂದಾದಾರರ ಪಟ್ಟಿಯಿರಲಿಲ್ಲ, ಸಂಪಾದಕರ ಹೆಸರೂ ಇರಲಿಲ್ಲ. ಓದುಗರು ಮಾತ್ರ ಇದ್ದರು. ಪತ್ರಿಕೆಯನ್ನು ತಯಾರಿಸಿದವರೂ ಹಂಚಿದವರೂ ಅವರೇ ಎಂಬುದು ಈ ಕಥೆಯ ತಿರುಳು.

ಸ್ವಯಂ ಪ್ರಕಾಶನ ಎಂಬ ಹಾಸ್ಯ

ಸೋವಿಯತ್ ಒಕ್ಕೂಟದಲ್ಲಿ ಮುದ್ರಣಾಲಯಗಳೆಲ್ಲ ಸರ್ಕಾರದ ವಶದಲ್ಲಿದ್ದವು. 1922ರಲ್ಲಿ ಸ್ಥಾಪನೆಯಾದ 'ಗ್ಲಾವ್ಲಿತ್' ಎಂಬ ಸೆನ್ಸಾರ್ ಇಲಾಖೆಯ ಒಪ್ಪಿಗೆಯಿಲ್ಲದೆ ಏನನ್ನೂ ಅಚ್ಚು ಹಾಕುವಂತಿರಲಿಲ್ಲ. ಸರ್ಕಾರಿ ಪ್ರಕಾಶನಕ್ಕೆ 'ಗೊಸಿಜ್ದಾತ್' ಎಂಬ ಹೆಸರಿತ್ತು. 1940ರ ದಶಕದಲ್ಲಿ ನಿಕೊಲಾಯ್ ಗ್ಲಾಜ್ಕೊವ್ ಎಂಬ ಕವಿ ತನ್ನ ಕವಿತೆಗಳನ್ನು ತಾನೇ ಬೆರಳಚ್ಚು ಮಾಡಿ, ಹೊಲಿದು, ಪ್ರಕಾಶಕರ ಹೆಸರಿರಬೇಕಾದ ಜಾಗದಲ್ಲಿ 'ಸಮ್ಸೆಬ್ಯಾಇಜ್ದಾತ್' ಎಂದು ಬರೆದುಕೊಂಡ. 'ನನಗೆ ನಾನೇ ಪ್ರಕಾಶಕ' ಎಂಬಂಥ ಅರ್ಥ. ಸರ್ಕಾರಿ ಹೆಸರನ್ನು ಅಣಕಿಸಿದ ಆ ಪದವೇ ಮುಂದೆ ಸವೆದು 'ಸಮಿಜ್ದಾತ್' ಆಯಿತು. ಹಾಸ್ಯಕ್ಕೆ ಹುಟ್ಟಿದ ಪದ ನಂತರದ ದಿನಗಳಲ್ಲಿ ಪೊಲೀಸ್ ಕಡತಗಳಲ್ಲೂ ಜಗತ್ತಿನ ನಿಘಂಟುಗಳಲ್ಲೂ ಸ್ಥಾನ ಪಡೆಯಿತು.

ಇದೇ ವರ್ಷಗಳಲ್ಲಿ ಕರ್ನಾಟಕದ ಓದುಗರು ಸೋವಿಯತ್ ದೇಶವನ್ನು ಕಂಡದ್ದು ಬೇರೆಯೇ ಬಗೆಯ ಕಾಗದದ ಮೇಲೆ. ಗಟ್ಟಿ ರಟ್ಟಿನ, ನಯವಾದ ಮುದ್ರಣದ, ನಂಬಲಾಗದಷ್ಟು ಅಗ್ಗದ ಸೋವಿಯತ್ ಪುಸ್ತಕಗಳು ನವಕರ್ನಾಟಕದ ಮಳಿಗೆಗಳ ಮೂಲಕ ನಮ್ಮ ಊರುಗಳನ್ನು ತಲಪುತ್ತಿದ್ದವು. ಗಾರ್ಕಿ, ಟಾಲ್‌ಸ್ಟಾಯ್, ಮಕ್ಕಳ ವಿಜ್ಞಾನ, ಗಣಿತದ ಒಗಟುಗಳು ಎಲ್ಲವೂ ಅದರಲ್ಲಿದ್ದವು. ಆ ಪುಸ್ತಕಗಳನ್ನು ಓದಿ ಬೆಳೆದವರು ಇಂದಿಗೂ ಅವುಗಳನ್ನು ಪ್ರೀತಿಯಿಂದ ನೆನೆಯುತ್ತಾರೆ. ಅದರಲ್ಲಿ ತಪ್ಪೇನೂ ಇಲ್ಲ. ಆದರೆ ಅದೇ ಮಾಸ್ಕೋದಲ್ಲಿ, ಅದೇ ಹೊತ್ತಿನಲ್ಲಿ, ಸಿಗರೇಟು ಸುತ್ತುವ ಕಾಗದದಷ್ಟು ತೆಳುವಾದ ಹಾಳೆಯ ಮೇಲೆ ಮತ್ತೊಂದು ಸಾಹಿತ್ಯ ಸಿದ್ಧವಾಗುತ್ತಿತ್ತು.

ತಯಾರಿಯ ಬಗೆ

ಬೆರಳಚ್ಚು ಯಂತ್ರವನ್ನು ಖಾಸಗಿಯಾಗಿ ಇಟ್ಟುಕೊಳ್ಳುವುದಕ್ಕೆ ಸೋವಿಯತ್ ಕಾನೂನಿನ ಅಡ್ಡಿಯಿರಲಿಲ್ಲ. ಇಡೀ ಸಮಿಜ್ದಾತ್ ನಿಂತಿದ್ದು ಈ ಒಂದು ಸಂದಿಯ ಮೇಲೆ. ಪೂರ್ವ ಜರ್ಮನಿಯ 'ಎರಿಕಾ' ಯಂತ್ರ ಈ ಕೆಲಸಕ್ಕೆ ಹೆಸರಾಗಿತ್ತು. ಅಲೆಕ್ಸಾಂದರ್ ಗಾಲಿಚ್ ಎಂಬ ಕವಿ-ಗಾಯಕ ತನ್ನ ಹಾಡೊಂದರಲ್ಲಿ ಅದರ ಹೆಸರನ್ನೇ ತಂದಿದ್ದಾನೆ.

ಕೋರ್ಟಿನ ಆವರಣದಲ್ಲಿ ಮರದ ಕೆಳಗೆ ಮೇಜಿಟ್ಟುಕೊಂಡು ಕೂರುವ ಬೆರಳಚ್ಚುಗಾರರನ್ನು ನೋಡಿದವರಿಗೆ ಕಾರ್ಬನ್ ಪ್ರತಿಯ ಸಂಗತಿಯನ್ನು ವಿವರಿಸಬೇಕಾಗಿಲ್ಲ. ಎರಡು ಹಾಳೆಗಳ ನಡುವೆ ಒಂದು ಕಾರ್ಬನ್ ಕಾಗದ. ಮೂಲಪ್ರತಿಯೊಂದಿಗೆ ಎರಡೋ ಮೂರೋ ನಕಲು. ಸಾಮಾನ್ಯ ಕಾಗದವಾದರೆ ನಾಲ್ಕನೆಯ ಹಾಳೆಗೆ ಬರುವ ಹೊತ್ತಿಗೆ ಅಕ್ಷರ ಮಸುಕಾಗುತ್ತದೆ. ಕಾಗದ ತೆಳುವಾದಷ್ಟೂ ಹೆಚ್ಚು ಪ್ರತಿ ತೆಗೆಯಬಹುದು. ಆದುದರಿಂದಲೇ ಸಮಿಜ್ದಾತ್ ತೆಳು ಹಾಳೆಯನ್ನು ಆರಿಸಿಕೊಂಡಿತು. ಆರೇಳು ಹಾಳೆಗಳನ್ನು ಒಟ್ಟಿಗೆ ಸೇರಿಸಿ, ಕೀಲಿಗಳನ್ನು ಬಲವಾಗಿ ಹೊಡೆಯಬೇಕಿತ್ತು. ಸಾಲುಗಳ ನಡುವೆ ಅಂತರವಿಲ್ಲ, ಅಂಚಿನಲ್ಲಿ ಜಾಗವಿಲ್ಲ. ತೆಳು ಹಾಳೆಗೆ ಮತ್ತೊಂದು ಅನುಕೂಲವೂ ಇತ್ತು: ಅದನ್ನು ಅಂಗಿಯೊಳಗೆ ಅಡಗಿಸುವುದು ಸುಲಭ.

ಕೊನೆಯ ನಕಲನ್ನು ಪಡೆದವರು ಬೆಳಕಿಗೆ ಹಿಡಿದು, ಊಹಿಸಿ ಓದಬೇಕಿತ್ತು. ಹಾಗಿದ್ದೂ ಓದುತ್ತಿದ್ದರು. ಹಸ್ತಪ್ರತಿಗಳು ಒಂದು ರಾತ್ರಿಯ ಮಟ್ಟಿಗೆ ಮಾತ್ರ ಕೈಗೆ ಸಿಗುತ್ತಿದ್ದುದೂ ಉಂಟು. ಆಗ ಗೆಳೆಯರು ಸುತ್ತ ಕುಳಿತು, ಒಬ್ಬರು ಓದಿ ಮುಗಿಸಿದ ಹಾಳೆಯನ್ನು ಪಕ್ಕದವರಿಗೆ ದಾಟಿಸುತ್ತ ಬೆಳಗಿನೊಳಗೆ ಮುಗಿಸುತ್ತಿದ್ದರು.

ಬೆರಳಚ್ಚುಗಾರ್ತಿಯ ಕೆಲಸ ಕೇವಲ ಯಾಂತ್ರಿಕವಾದುದು, ಆದುದರಿಂದ ಅಪಾಯವಿಲ್ಲದ್ದು ಎಂದು ಯಾರೂ ಭಾವಿಸುವಂತಿರಲಿಲ್ಲ. 1968ರ ಜನವರಿಯಲ್ಲಿ ಮಾಸ್ಕೋದಲ್ಲಿ ನಡೆದ 'ನಾಲ್ವರ ವಿಚಾರಣೆ'ಯಲ್ಲಿ ಶಿಕ್ಷೆಗೊಳಗಾದವರಲ್ಲಿ ವೆರಾ ಲಾಶ್ಕೊವಾ ಒಬ್ಬಳು. ಆಕೆ ಮಾಡಿದ್ದು ಇತರರು ಸಂಕಲಿಸಿದ್ದನ್ನು ಬೆರಳಚ್ಚು ಮಾಡಿದ್ದು. ಸಿಕ್ಕಿದ್ದು ಒಂದು ವರ್ಷದ ಸೆರೆವಾಸ. ಉಳಿದ ಮೂವರಲ್ಲಿ ಯೂರಿ ಗಲಾನ್ಸ್ಕೊವ್‌ಗೆ ಏಳು ವರ್ಷ, ಅಲೆಕ್ಸಾಂದರ್ ಗಿನ್ಜ್‌ಬರ್ಗ್‌ಗೆ ಐದು ವರ್ಷ ಶಿಕ್ಷೆಯಾಯಿತು. ಗಲಾನ್ಸ್ಕೊವ್ 1972ರ ನವೆಂಬರ್‌ನಲ್ಲಿ ಶ್ರಮಶಿಬಿರದಲ್ಲೇ ಅಸುನೀಗಿದ.

ಹೆರಿಗೆ ರಜೆಯಲ್ಲಿ ಹುಟ್ಟಿದ ಪತ್ರಿಕೆ

ಈ ವಿಚಾರಣೆಯ ವಿರುದ್ಧ ಎದ್ದ ಪ್ರತಿಭಟನೆಯೇ 'ಖ್ರೋನಿಕಾ'ದ ಮೊದಲ ಸಂಚಿಕೆಗೆ ಸುದ್ದಿಯನ್ನು ಒದಗಿಸಿತು. ಅದನ್ನು ಸಂಕಲಿಸಿ ಬೆರಳಚ್ಚು ಮಾಡಿದವಳು ನತಾಲಿಯಾ ಗೊರ್ಬನೆವ್ಸ್ಕಯಾ ಎಂಬ ಕವಯಿತ್ರಿ. ಆಗ ಆಕೆ ತುಂಬು ಗರ್ಭಿಣಿ, ಹೆರಿಗೆ ರಜೆಯಲ್ಲಿದ್ದಳು. ಪತ್ರಿಕೆ ಹೊರಟ ಎರಡು ವಾರದೊಳಗೆ ಎರಡನೆಯ ಮಗ ಹುಟ್ಟಿದ. 1968 ವಿಶ್ವಸಂಸ್ಥೆ ಘೋಷಿಸಿದ್ದ ಮಾನವ ಹಕ್ಕುಗಳ ವರ್ಷವಾಗಿತ್ತು. ಆ ನೆಪವನ್ನೇ ಹಿಡಿದು, ವಿಶ್ವಸಂಸ್ಥೆಯ ಮಾನವ ಹಕ್ಕುಗಳ ಘೋಷಣೆಯಲ್ಲಿ ಅಭಿವ್ಯಕ್ತಿ ಸ್ವಾತಂತ್ರ್ಯಕ್ಕೆ ಸಂಬಂಧಿಸಿದ 19ನೇ ವಿಧಿಯನ್ನು ಮೊದಲ ಪುಟದ ನೆತ್ತಿಯ ಮೇಲೆ ಹಾಕಲಾಯಿತು. ಕೊನೆಯವರೆಗೂ ಅದು ಅಲ್ಲಿಂದ ಕದಲಲಿಲ್ಲ.

ಅದೇ ವರ್ಷದ ಆಗಸ್ಟ್ 25ರಂದು, ಸೋವಿಯತ್ ಸೇನೆ ಚೆಕೊಸ್ಲೊವಾಕಿಯಾಕ್ಕೆ ನುಗ್ಗಿದ್ದನ್ನು ವಿರೋಧಿಸಿ ಎಂಟು ಮಂದಿ ಮಾಸ್ಕೋದ ಕೆಂಪು ಚೌಕದಲ್ಲಿ ಕುಳಿತರು. ಅವರಲ್ಲಿ ಗೊರ್ಬನೆವ್ಸ್ಕಯಾ ಕೂಡ ಒಬ್ಬಳು. ಮೂರು ತಿಂಗಳ ಮಗು ತಳ್ಳುಗಾಡಿಯಲ್ಲಿತ್ತು. ಎಳೆಗೂಸಿನ ತಾಯಿಯೆಂಬ ಕಾರಣಕ್ಕೆ ಆಗ ಆಕೆಯನ್ನು ಬಿಟ್ಟರು. ಆಕೆ ಮನೆಗೆ ಮರಳಿ ಮುಂದಿನ ಸಂಚಿಕೆಯ ಕೆಲಸಕ್ಕೆ ಕೂತಳು. 1969ರ ಡಿಸೆಂಬರ್ 24ರಂದು ಬಂಧನವಾಯಿತು. ಮನೋರೋಗಿಯೆಂದು ತೀರ್ಮಾನಿಸಿ ಕಜಾನ್‌ನ ವಿಶೇಷ ಮನೋರೋಗ ಆಸ್ಪತ್ರೆಗೆ ಕಳುಹಿಸಲಾಯಿತು. ಹೊರಬಂದದ್ದು 1972ರ ಫೆಬ್ರುವರಿಯಲ್ಲಿ.

ಇಲ್ಲಿ ಗಮನಿಸಬೇಕಾದುದೆಂದರೆ, ಆಕೆಯ ಬಂಧನದಿಂದ ಪತ್ರಿಕೆ ನಿಲ್ಲಲಿಲ್ಲ. ಅನುವಾದಕ ಅನತೋಲಿ ಯಾಕೊಬ್ಸನ್ ಮೊದಲಾದವರು ಕೆಲಸವನ್ನು ವಹಿಸಿಕೊಂಡರು. 1968ರ ಏಪ್ರಿಲ್‌ನಿಂದ 1972ರ ಅಕ್ಟೋಬರ್‌ವರೆಗೆ 27 ಸಂಚಿಕೆಗಳು ಬಂದವು. ಲೆಕ್ಕ ಹಾಕಿದರೆ ಎರಡು ತಿಂಗಳಿಗೊಂದು. ಕಚೇರಿ, ಸಿಬ್ಬಂದಿ, ಜಾಹೀರಾತು ಎಲ್ಲವೂ ಇರುವ ಎಷ್ಟೋ ದ್ವೈಮಾಸಿಕಗಳಿಗೂ ಈ ಶಿಸ್ತು ಸಾಧ್ಯವಾಗಿಲ್ಲ.

ಸರಪಳಿ

ಹಂಚಿಕೆಯ ವಿಧಾನ ಸರಳವಾಗಿತ್ತು. ಸಂಪಾದಕರು ಮೊದಲ ಆರೇಳು ಪ್ರತಿಗಳನ್ನು ನಂಬಿಕೆಯ ಗೆಳೆಯರಿಗೆ ಕೊಡುತ್ತಿದ್ದರು. ಪಡೆದವರು ಓದಿ, ತಮ್ಮ ಯಂತ್ರದಲ್ಲಿ ಮತ್ತೆ ಬೆರಳಚ್ಚು ಮಾಡಿ ಮುಂದಿನವರಿಗೆ ಕೊಡಬೇಕು. ಒಬ್ಬೊಬ್ಬರೂ ಐದೈದು ಪ್ರತಿ ತೆಗೆದರೆ ಮೊದಲ ಸುತ್ತಿನಲ್ಲಿ ಐದು, ಎರಡನೆಯದರಲ್ಲಿ ಇಪ್ಪತ್ತೈದು, ಮೂರನೆಯದರಲ್ಲಿ ನೂರ ಇಪ್ಪತ್ತೈದು. ಒಟ್ಟು ಪ್ರಸಾರ ಎಷ್ಟೆಂಬುದನ್ನು ಸಂಪಾದಕರೇ ಹೇಳುವಂತಿರಲಿಲ್ಲ. ತಮ್ಮಿಂದ ಮೂರನೆಯವರು ಯಾರೆಂಬುದೂ ಅವರಿಗೆ ಗೊತ್ತಾಗುತ್ತಿರಲಿಲ್ಲ. ಗೊತ್ತಾಗಬಾರದು ಎಂಬುದೇ ಅದರ ರಕ್ಷಣೆ.

ಆದರೆ ಪತ್ರಿಕೆಗೆ ಸುದ್ದಿ ಬರುವುದಾದರೂ ಹೇಗೆ? ಇದಕ್ಕೆ ಐದನೇ ಸಂಚಿಕೆಯಲ್ಲೇ ಓದುಗರಿಗೆ ಉತ್ತರ ಕೊಡಲಾಯಿತು. 'ಖ್ರೋನಿಕಾ' ಕಾನೂನುಬಾಹಿರ ಪತ್ರಿಕೆಯಲ್ಲ; ಆದರೆ ಕಾನೂನಿನ ಬಗ್ಗೆ ಸರ್ಕಾರಿ ಅಂಗಗಳಿಗಿರುವ ವಿಚಿತ್ರ ಕಲ್ಪನೆಯಿಂದಾಗಿ ಇತರ ಪತ್ರಿಕೆಗಳಂತೆ ಕೊನೆಯ ಪುಟದಲ್ಲಿ ವಿಳಾಸ ಹಾಕಲು ಸಾಧ್ಯವಾಗುತ್ತಿಲ್ಲ ಎಂಬುದು ಅದರ ಮೊದಲ ಮಾತು. ಯಾರಿಗಾದರೂ ಸುದ್ದಿ ತಿಳಿಸುವುದಿದ್ದರೆ, ಯಾರಿಂದ ಪತ್ರಿಕೆ ಪಡೆದಿರೋ ಅವರಿಗೇ ಹೇಳಿ. ಅವರು ತಮಗೆ ಕೊಟ್ಟವರಿಗೆ ಹೇಳುತ್ತಾರೆ. ಸರಪಳಿಯ ತುದಿಯವರೆಗೂ ನೀವೇ ಹುಡುಕಿಕೊಂಡು ಹೋಗಬೇಡಿ, ಹೋದರೆ ನಿಮ್ಮನ್ನು ಗುಪ್ತಚರರ ಆಳೆಂದು ಭಾವಿಸಿಯಾರು ಎಂಬ ಎಚ್ಚರಿಕೆಯೂ ಜೊತೆಗಿತ್ತು.

ಪತ್ರಿಕೆ ಹೊರಹೋದ ದಾರಿಯಲ್ಲೇ ಸುದ್ದಿ ಒಳಬಂದಿತು. ಉಕ್ರೇನ್, ಲಿಥುವೇನಿಯಾಗಳಿಂದ ಬಂತು. ತಾಯ್ನಾಡಿನಿಂದ ಹೊರದೂಡಲ್ಪಟ್ಟು ಮಧ್ಯ ಏಷ್ಯಾದಲ್ಲಿದ್ದ ಕ್ರಿಮಿಯಾದ ತಾತಾರರಿಂದ ಬಂತು. ಶ್ರಮಶಿಬಿರಗಳ ಕೈದಿಗಳು ತೆಳು ಕಾಗದದ ಚೂರುಗಳ ಮೇಲೆ ಇರುವೆಗಾತ್ರದ ಅಕ್ಷರಗಳಲ್ಲಿ ಬರೆದು, ಭೇಟಿಗೆ ಬಂದವರ ಮೂಲಕ ಹೊರಗೆ ದಾಟಿಸುತ್ತಿದ್ದರು. ಮೊದಲ ಸಂಚಿಕೆಗಳು ಇಪ್ಪತ್ತು ಪುಟಗಳ ಆಸುಪಾಸಿನಲ್ಲಿದ್ದರೆ, ನಂತರದವು ನೂರು ಪುಟ ದಾಟಿದವು. ಒಂದು ಪುಟವನ್ನೂ ಸುಮ್ಮನೆ ತುಂಬಿಸಲಾಗುತ್ತಿರಲಿಲ್ಲ, ಏಕೆಂದರೆ ಪ್ರತಿ ಪುಟವನ್ನೂ ಯಾರೋ ಒಬ್ಬರು ಕೈಬೆರಳು ನೋಯಿಸಿಕೊಂಡು ಮತ್ತೆ ಹೊಡೆಯಬೇಕಿತ್ತು.

ಈ ವಿಧಾನಕ್ಕೆ ದೋಷವೂ ಇತ್ತು. ಕೈಯಿಂದ ಕೈಗೆ ಹೋಗುತ್ತ ತಪ್ಪುಗಳು ಸೇರಿಕೊಳ್ಳುತ್ತಿದ್ದವು: ಹೆಸರಿನ ಒಂದಕ್ಷರ, ದಿನಾಂಕದ ಒಂದಂಕಿ, ಬಿಟ್ಟುಹೋದ ಒಂದು ಸಾಲು. ನಮ್ಮ ಓಲೆಗರಿಗಳ ಪ್ರತಿಕಾರರಿಂದ ಪಾಠಾಂತರಗಳು ಹುಟ್ಟಿದ ಬಗೆಯೇ ಇದು. ಪತ್ರಿಕೆಗಾದರೋ ಅದು ಪ್ರಾಣಾಂತಿಕವಾಗಬಹುದಿತ್ತು. ಸೋವಿಯತ್ ರಷ್ಯದ ದಂಡಸಂಹಿತೆಗೆ 1966ರಲ್ಲಿ ಸೇರಿಸಿದ 190-1ನೇ ಕಲಮಿನ ಪ್ರಕಾರ, ಸೋವಿಯತ್ ವ್ಯವಸ್ಥೆಯನ್ನು ನಿಂದಿಸುವ ಸುಳ್ಳು ಎಂದು ತಿಳಿದೂ ಹರಡುವವರಿಗೆ ಮೂರು ವರ್ಷದವರೆಗೆ ಸೆರೆವಾಸ. ಸೋವಿಯತ್ ವಿರೋಧಿ ಪ್ರಚಾರಕ್ಕೆ ಸಂಬಂಧಿಸಿದ 70ನೇ ಕಲಮಿನಡಿ ಏಳು ವರ್ಷ ಸೆರೆವಾಸ, ಮೇಲೆ ಐದು ವರ್ಷ ಗಡೀಪಾರು. ಒಂದು ಹೆಸರು ತಪ್ಪಾದರೂ ಸರ್ಕಾರಿ ವಕೀಲನ ಕೈಗೆ ಅಸ್ತ್ರ ಕೊಟ್ಟಂತೆ.

ಆದುದರಿಂದ 'ಖ್ರೋನಿಕಾ'ದ ಭಾಷೆಯೇ ಬೇರೆಯಾಯಿತು. ಅಲ್ಲಿ ವಿಶೇಷಣಗಳಿಲ್ಲ, ಟೀಕೆಯಿಲ್ಲ, ಕರೆಯಿಲ್ಲ. ಇಂಥ ದಿನ, ಇಂಥ ಊರಿನಲ್ಲಿ, ಇಂಥವರ ಮನೆಯ ಶೋಧನೆ ನಡೆಯಿತು. ಇಂಥಿಂಥ ಪುಸ್ತಕಗಳನ್ನು ಒಯ್ದರು. ಇಂಥ ನ್ಯಾಯಾಲಯ ಇಷ್ಟು ವರ್ಷ ಶಿಕ್ಷೆ ವಿಧಿಸಿತು. ಬಂಧನಗಳು, ಶೋಧನೆಗಳು, ಸೆರೆಮನೆ ಮತ್ತು ಶಿಬಿರಗಳ ಸುದ್ದಿ, ಹೊಸ ಸಮಿಜ್ದಾತ್ ಕೃತಿಗಳ ಪರಿಚಯ ಹೀಗೆ ಕಾಯಂ ವಿಭಾಗಗಳಿದ್ದವು. ಹಿಂದಿನ ಸಂಚಿಕೆಗಳ ತಪ್ಪುಗಳನ್ನು ತಿದ್ದುವ ವಿಭಾಗವೂ ಇತ್ತು. ಜೈಲಿನ ಬಾಗಿಲಲ್ಲಿ ನಿಂತು ತಿದ್ದುಪಡಿ ಪ್ರಕಟಿಸುವ ಪತ್ರಿಕೆಯೆಂದರೆ ಸಾಮಾನ್ಯ ಸಂಗತಿಯಲ್ಲ. ಅದೇ ನಗರದ ಅಧಿಕೃತ ದಿನಪತ್ರಿಕೆಗಳಲ್ಲಿ ಅಂಥ ಅಭ್ಯಾಸ ಅಪರೂಪವಾಗಿತ್ತು.

ಹದಿನೆಂಟು ತಿಂಗಳ ಮೌನ

ಗುಪ್ತಚರ ಸಂಸ್ಥೆಯಾದ ಕೆಜಿಬಿ ಈ ಪತ್ರಿಕೆಯ ವಿರುದ್ಧ ಪ್ರತ್ಯೇಕ ಪ್ರಕರಣವನ್ನೇ ದಾಖಲಿಸಿತು. ಅದಕ್ಕೆ 'ಪ್ರಕರಣ ಸಂಖ್ಯೆ 24' ಎಂದು ಹೆಸರು. ಬೆರಳಚ್ಚು ಯಂತ್ರಗಳ ಅಕ್ಷರಗಳಲ್ಲಿ ಒಂದೊಂದಕ್ಕೂ ಒಂದೊಂದು ಊನವಿರುತ್ತದೆ. ಅದರಿಂದ ಯಾವ ಹಾಳೆ ಯಾವ ಯಂತ್ರದ್ದೆಂದು ತಜ್ಞರು ಗುರುತಿಸಬಲ್ಲರು. ಶೋಧನೆಗಳಲ್ಲಿ ಯಂತ್ರಗಳನ್ನೇ ಹೊತ್ತೊಯ್ಯಲಾಯಿತು. 1972ರಲ್ಲಿ ಪ್ಯೊತ್ರ್ ಯಾಕಿರ್ ಮತ್ತು ವಿಕ್ತೊರ್ ಕ್ರಾಸಿನ್ ಬಂಧಿತರಾಗಿ, ವಿಚಾರಣೆಯ ಒತ್ತಡಕ್ಕೆ ಮಣಿದು ಅನೇಕರ ವಿರುದ್ಧ ಹೇಳಿಕೆ ಕೊಟ್ಟರು.

ಇಷ್ಟಾದರೂ ಪತ್ರಿಕೆ ನಿಲ್ಲುತ್ತಿತ್ತೋ ಇಲ್ಲವೋ. ನಿಲ್ಲಿಸಿದ್ದು ಬೇರೊಂದು ಬೆದರಿಕೆ. ಇನ್ನು ಮುಂದೆ ಹೊರಬರುವ ಪ್ರತಿ ಸಂಚಿಕೆಗೂ ಜನರನ್ನು ಬಂಧಿಸಲಾಗುವುದು, ಬಂಧಿತರಾಗುವವರು ಆ ಸಂಚಿಕೆಯನ್ನು ಮಾಡಿದವರೇ ಆಗಿರಬೇಕೆಂದೇನೂ ಇಲ್ಲ ಎಂಬ ಸೂಚನೆ ಕೆಜಿಬಿಯಿಂದ ಬಂತು. ತನ್ನ ತಲೆಯನ್ನು ಒಡ್ಡಲು ಸಿದ್ಧನಾದವನಿಗೆ ಉತ್ತರ ಸುಲಭ. ಆದರೆ ಮತ್ತೊಬ್ಬನ ತಲೆಯನ್ನು ಒಡ್ಡಲು ಯಾರಿಗೆ ಹಕ್ಕಿದೆ? ಸೆರೆಮನೆಯಲ್ಲಿರುವವರ ಸುದ್ದಿಯನ್ನು ಹೇಳದೆ ಇದ್ದರೆ ಅವರಿಗೆ ದ್ರೋಹ. ಹೇಳಿದರೆ ಇನ್ನಾರೋ ಸೆರೆಮನೆಗೆ. 27ನೇ ಸಂಚಿಕೆಯ ನಂತರ ಪತ್ರಿಕೆ ಸ್ತಬ್ಧವಾಯಿತು. ಈ ಮೌನವನ್ನು ಹೇಡಿತನವೆಂದು ಕರೆಯುವುದು ದೂರದಲ್ಲಿ ಕುಳಿತವರಿಗೆ ಮಾತ್ರ ಸಾಧ್ಯ.

ಒಂದೂವರೆ ವರ್ಷದ ಮೇಲೆ ಅವರು ಕಂಡುಕೊಂಡ ದಾರಿ ಸರಳವಾದರೂ ಯಾರೂ ನಿರೀಕ್ಷಿಸದಂಥದು. ಅದುವರೆಗೆ ಹೆಸರಿಲ್ಲದಿರುವುದೇ ಪತ್ರಿಕೆಯ ಕವಚವಾಗಿತ್ತು. ಆ ಕವಚದಿಂದಲೇ ಅಮಾಯಕರ ಮೇಲೆ ಅನುಮಾನ ಹೊರಿಸಲು ಸಾಧ್ಯವಾಗಿತ್ತು. 1974ರ ಮೇ 7ರಂದು ಮೂವರು ತಮ್ಮ ಹೆಸರುಗಳನ್ನು ಬಹಿರಂಗವಾಗಿ ಕೊಟ್ಟರು: ಗಣಿತಜ್ಞೆ ತತ್ಯಾನಾ ವೆಲಿಕಾನೊವಾ, ಜೀವವಿಜ್ಞಾನಿ ಸೆರ್ಗೇಯ್ ಕೊವಲ್ಯೊವ್, ಭಾಷಾವಿಜ್ಞಾನಿ ತತ್ಯಾನಾ ಖೊದೊರೊವಿಚ್. 'ಖ್ರೋನಿಕಾ' ಕಾನೂನುಬಾಹಿರವೂ ಅಲ್ಲ, ನಿಂದನೆಯೂ ಅಲ್ಲ. ಅದರ ಪ್ರಸಾರಕ್ಕೆ ನೆರವಾಗುವುದು ತಮ್ಮ ಕರ್ತವ್ಯ ಎಂದು ಸಾರಿ, ನಿಂತುಹೋಗಿದ್ದ ಅವಧಿಯ ಸುದ್ದಿಗಳನ್ನೊಳಗೊಂಡ 28, 29 ಮತ್ತು 30ನೇ ಸಂಚಿಕೆಗಳನ್ನು ಒಂದೇ ಸಲಕ್ಕೆ ವಿದೇಶೀ ಪತ್ರಕರ್ತರ ಕೈಗೆ ಕೊಟ್ಟರು. ಹಿಡಿಯಬೇಕೆಂದಿದ್ದರೆ ಹಿಡಿಯಬೇಕಾದವರು ಯಾರೆಂಬುದು ಈಗ ಕೆಜಿಬಿಗೆ ತಿಳಿದಿತ್ತು.

ಹಿಡಿದೂ ಹಿಡಿದರು. ಕೊವಲ್ಯೊವ್‌ನನ್ನು ಅದೇ ವರ್ಷದ ಡಿಸೆಂಬರ್‌ನಲ್ಲಿ ಬಂಧಿಸಿ, ಮಾಸ್ಕೋದಿಂದ ದೂರದ ವಿಲ್ನಿಯಸ್‌ನಲ್ಲಿ 1975ರ ಡಿಸೆಂಬರ್‌ನಲ್ಲಿ ವಿಚಾರಣೆ ನಡೆಸಿದರು. ಡಿಸೆಂಬರ್ 10ರಂದು ಭೌತವಿಜ್ಞಾನಿ ಆಂದ್ರೇಯ್ ಸಖಾರೊವ್‌ಗೆ ಓಸ್ಲೋದಲ್ಲಿ ನೊಬೆಲ್ ಶಾಂತಿ ಪ್ರಶಸ್ತಿ ಪ್ರದಾನವಾಗುತ್ತಿತ್ತು. ಅವನಿಗೆ ದೇಶ ಬಿಡಲು ಅನುಮತಿ ದೊರೆತಿರಲಿಲ್ಲ. ಪ್ರಶಸ್ತಿಯನ್ನು ಪತ್ನಿ ಯೆಲೆನಾ ಬೊನ್ನೆರ್ ಸ್ವೀಕರಿಸುತ್ತಿದ್ದಾಗ ಸಖಾರೊವ್ ವಿಲ್ನಿಯಸ್‌ನಲ್ಲಿ, ಗೆಳೆಯನ ವಿಚಾರಣೆ ನಡೆಯುತ್ತಿದ್ದ ನ್ಯಾಯಾಲಯದ ಹೊರಗಿದ್ದ. ಕೊವಲ್ಯೊವ್‌ಗೆ ಏಳು ವರ್ಷ ಶಿಬಿರ, ಮೂರು ವರ್ಷ ಗಡೀಪಾರು ವಿಧಿಸಲಾಯಿತು. ವೆಲಿಕಾನೊವಾ ಬಂಧನವಾದದ್ದು 1979ರ ನವೆಂಬರ್‌ನಲ್ಲಿ. ನಾಲ್ಕು ವರ್ಷ ಶಿಬಿರ, ಐದು ವರ್ಷ ಗಡೀಪಾರು.

ಗಡಿಯಾಚೆ ಹೋಗಿ ಮರಳಿ ಬಂದದ್ದು

ಪತ್ರಿಕೆಯ ಪ್ರತಿಗಳು ಗಡಿ ದಾಟುತ್ತಲೂ ಇದ್ದವು. 1971ರಿಂದ ಅಮ್ನೆಸ್ಟಿ ಇಂಟರ್‌ನ್ಯಾಷನಲ್ ಇಂಗ್ಲಿಷ್ ಅನುವಾದಗಳನ್ನು ಪ್ರಕಟಿಸಿತು. ನ್ಯೂಯಾರ್ಕ್‌ನಲ್ಲಿ ವಲೇರಿ ಚಲಿದ್ಜೆ ನಡೆಸುತ್ತಿದ್ದ 'ಖ್ರೋನಿಕಾ ಪ್ರೆಸ್' ರಷ್ಯನ್ ಮೂಲವನ್ನು ಅಚ್ಚು ಹಾಕಿ ತಂದಿತು. ಆ ಪುಟ್ಟ ಪುಸ್ತಕಗಳು ಮತ್ತೆ ಕಳ್ಳದಾರಿಯಲ್ಲಿ ಒಳಬಂದವು. ವಿದೇಶೀ ರೇಡಿಯೋ ಕೇಂದ್ರಗಳು ಪತ್ರಿಕೆಯ ಸುದ್ದಿಗಳನ್ನು ರಷ್ಯನ್ ಭಾಷೆಯಲ್ಲೇ ಬಿತ್ತರಿಸಿದವು. ಹೀಗೆ ಮಾಸ್ಕೋದ ಒಂದು ಕೋಣೆಯಲ್ಲಿ ಆರೇಳು ಪ್ರತಿಯಾಗಿ ಹುಟ್ಟಿದ ಸುದ್ದಿಯನ್ನು, ಅದರ ಹಾಳೆಯನ್ನು ಎಂದೂ ಕಾಣದ ಸೈಬೀರಿಯದ ಕೇಳುಗನೂ ಕೇಳಿಸಿಕೊಳ್ಳಬಹುದಾಯಿತು. ಪ್ರಸಾರ ಹೆಚ್ಚಾಯಿತೆಂಬುದು ನಿಜ. ಆದರೆ ರೇಡಿಯೋ ಸುದ್ದಿಯನ್ನು ಕೊಂಡೊಯ್ಯಬಲ್ಲದೇ ಹೊರತು ಮೂಲೆಯ ಊರಿನಿಂದ ತರಲಾರದು. ಆ ಕೆಲಸಕ್ಕೆ ಕೈಯಿಂದ ಕೈಗೆ ದಾಟುವ ಹಾಳೆಯೇ ಕೊನೆಯವರೆಗೂ ಬೇಕಾಗಿತ್ತು.

ಇದೇ ಮಾದರಿಯನ್ನು ಇತರರೂ ಅನುಸರಿಸಿದರು. 1972ರ ಮಾರ್ಚ್‌ನಲ್ಲಿ ಆರಂಭವಾದ 'ಲಿಥುವೇನಿಯಾದ ಕ್ಯಾಥೊಲಿಕ್ ಚರ್ಚಿನ ವೃತ್ತಾಂತ' 1989ರವರೆಗೆ ನಡೆದು 81 ಸಂಚಿಕೆಗಳನ್ನು ಕಂಡಿತು. ರುಮೇನಿಯಾದ ಸರ್ಕಾರವಂತೂ ಸೋವಿಯತ್ ಕಾನೂನಿನಲ್ಲಿ ಉಳಿದಿದ್ದ ಸಂದಿಯನ್ನು ತನ್ನಲ್ಲಿ ಮುಚ್ಚಲು ಹೊರಟು, 1983ರಲ್ಲಿ ಬೆರಳಚ್ಚು ಯಂತ್ರಗಳನ್ನು ಇಟ್ಟುಕೊಳ್ಳಲು ಪೊಲೀಸರ ಅನುಮತಿಯನ್ನು ಕಡ್ಡಾಯಗೊಳಿಸಿತು.

ಮಾಸ್ಕೋದಲ್ಲಿ 1980ರ ನಂತರ ಸರಪಳಿಯ ಕೊಂಡಿಗಳು ಒಂದೊಂದಾಗಿ ಕಳಚಿದವು. 65ನೇ ಸಂಚಿಕೆಯ ಕೆಲಸ ನಡೆದಿದ್ದರೂ ಅದು ಹಿಂದಿನವುಗಳಂತೆ ಹರಡಲಿಲ್ಲ. 1983ರ ನವೆಂಬರ್‌ನಲ್ಲಿ ಗಣಿತಜ್ಞ ಯೂರಿ ಶಿಖಾನೊವಿಚ್‌ನ ಬಂಧನದೊಂದಿಗೆ ಪತ್ರಿಕೆ ಕೊನೆಗೊಂಡಿತು. ಗೊರ್ಬನೆವ್ಸ್ಕಯಾ ಅಷ್ಟರಲ್ಲಿ ಪ್ಯಾರಿಸ್ ಸೇರಿದ್ದಳು. 2013ರಲ್ಲಿ ಅಲ್ಲಿಯೇ ತೀರಿಕೊಂಡಳು. ಉಳಿದ ಸಂಚಿಕೆಗಳು ಇಂದು ಗ್ರಂಥಾಲಯಗಳಲ್ಲಿ ಯಾರಿಗಾದರೂ ಓದಲು ದೊರೆಯುತ್ತವೆ. ಕ್ರಮವಾಗಿ ಜೋಡಿಸಿಟ್ಟ ಸಾಲಿನಲ್ಲಿ ಒಂದು ಸಂಖ್ಯೆ ಮಾತ್ರ ಕಾಣುವುದಿಲ್ಲ. 59ನೇ ಸಂಚಿಕೆ ಹೊರಬರುವ ಮುನ್ನವೇ, 1981ರ ಫೆಬ್ರುವರಿಯಲ್ಲಿ ನಡೆದ ಶೋಧನೆಯೊಂದರಲ್ಲಿ ಕೆಜಿಬಿಯ ಕೈಸೇರಿತ್ತು. ಸಂಪಾದಕರು ಆ ಸಂಖ್ಯೆಯನ್ನು ಮತ್ತೆ ಬಳಸದೆ, ಮುಂದಿನ ಸಂಚಿಕೆಗೆ 60 ಎಂದೇ ಬೆರಳಚ್ಚು ಮಾಡಿದರು.